ತಟ್ಟಿದರೆ ಬಿಡಬೇಕು

ಜನವರಿ 12

ಮಾನ್ಯರೆ,

ನಾವಿಲ್ಲಿ ಕ್ಷೇಮ ಎಂದು ಬರೆದರೆ ನಿಮ್ಮ ಕ್ಷೇಮವನ್ನೂ ಕೇಳಬೇಕಾಗುತ್ತದೆ. ಹಾಗಾಗಿ ಆ ಸಾಲನ್ನು ಬಿಟ್ಟಿದ್ದೇನೆ.

ನಿನ್ನೆ ನನ್ನ ಮಗಳು ಮನೆಗೆ ಬಂದಿದ್ದಳು. ಕತ್ತಿನ ಮೇಲೆ ಉಗುರು ಗೀರಿದ ಗುರುತು. ಏನಮ್ಮಾ ಇದು ಎಂದರೆ, ಹಲ್ಲಿನ ಸೆಟ್ ಮಾಡುವ ಕೆಲಸ ಮುಗಿಸಿ ಸಂಜೆ ಕೈಕಾಲಿಗೆ ಪಟ್ಟು ಹಾಕಿ ಸೋಲೊಪ್ಪಿಸುವ ಕುಸ್ತಿ ಕಲಿಯಲು ಹೋಗುತ್ತಿದ್ದೇನೆ, ಮೂರು ತಿಂಗಳಾಯಿತು ಎಂದಳು. ಹಗಲೆಲ್ಲ ಹಲ್ಲು ಕಟ್ಟಿ ಸಂಜೆ ಹಲ್ಲು ಮುರಿಸಿಕೊಳ್ಳುವ ಬುದ್ಧಿ ಯಾರು ಕೊಟ್ಟರು ಎಂದು ಕೇಳಿದೆ. ಆಗ ಹೇಳಿದಳು: "ಮೇಷ್ಟ್ರು ಸ್ಕೂಲ್ ಬಸ್ ಓಡಿಸ್ತಾರಪ್ಪ. ಎಡಗಿವಿ ಒಣಗಿದ ಅಣಬೆ ಥರ ಮುದುಡ್ಕೊಂಡಿದೆ. ಕತ್ತು ಹಿಸುಕೋ ಪಟ್ಟು ತೋರಿಸ್ವಾಗ ಮೆಲ್ಲಗೆ ಏನೋ ಹಾಡು ಗುನುಗ್ತಾರೆ."

ಕತ್ತು ಹಿಸುಕುವಾಗ ಹಾಡು ಗುನುಗುವವರು ಭೂಮಿಯ ಮೇಲೆ ಇಬ್ಬರಿರಲಾರರು.

ನೀವು ಯಾರೆಂದು ಅವಳಿಗೆ ಹೇಳಿಲ್ಲ. ನೀವೂ ಹೇಳಕೂಡದು. ಹೇಳಿದರೆ ಅವಳು ನಿಮ್ಮನ್ನು ಬಿಡುತ್ತಾಳೆಯೇ ಹೊರತು ಕುಸ್ತಿಯನ್ನು ಬಿಡುವುದಿಲ್ಲ. ಇನ್ಯಾವನೋ ಅರೆಬರೆ ಕಲಿತವನ ಹತ್ತಿರ ಹೋಗಿ ಸೇರುತ್ತಾಳೆ. ನೀವು ಏನೇ ಆಗಿರಿ, ಅರೆಬರೆ ಅಲ್ಲ.

ಆದರೆ ಒಂದು ಮಾತು. ಹದಿನೈದನೆಯ ವಯಸ್ಸಿನಿಂದ ಅವಳಿಗೆ ಭಾರ ಎತ್ತುವುದನ್ನು ಕಲಿಸಿದವನು ನಾನು. ನನ್ನ ವೆಲ್ಡಿಂಗ್ ಶೆಡ್ಡಿನ ಹಿಂದೆ, ಹಳೆಯ ಲಾರಿ ಆಕ್ಸಲ್‌ನಿಂದ ಮಾಡಿದ ಬಾರ್ ಹಿಡಿದು ಕಲಿತವಳು. ಈಗಲೂ ಅವಳ ಹಾಸ್ಟೆಲ್ಲಿನ ಜಿಮ್‌ನಲ್ಲಿ ನಾನು ಬರೆದುಕೊಟ್ಟ ಪಟ್ಟಿಯಂತೆಯೇ ಎತ್ತುತ್ತಾಳೆ: ಸೋಮವಾರ ಕಾಲು, ಗುರುವಾರ ಬೆನ್ನು. ಪಟ್ಟಿಯ ನಕಲು ಇದರ ಜೊತೆಗಿದೆ. ಅದಕ್ಕೆ ಕೈ ಹಾಕಬೇಡಿ.

ಇನ್ನೊಂದು. ಎದುರಾಳಿ ಕೈಯಿಂದ ಎರಡು ಸಲ ತಟ್ಟಿದರೆ ಸಾಕು, ಬಿಡು ಎಂದು ಅರ್ಥ. ಇದನ್ನು ಕುಸ್ತಿ ಮೇಷ್ಟ್ರಿಗೆ ನೆನಪಿಸಬೇಕಾಗಿ ಬಂದದ್ದು ನನ್ನ ತಪ್ಪಲ್ಲ. ನನ್ನ ಮೊಣಕಾಲು ನೀವು ಬಿಟ್ಟುಹೋದ ಹಾಗೇ ಇದೆ.

ಉತ್ತರವನ್ನು ಅವಳ ಕೈಯಲ್ಲೇ ಕಳಿಸಿ, ಲಕೋಟೆ ಅಂಟಿಸಿ. ಫೋನ್ ಬೇಡ. ಫೋನ್ ಎಂದರೆ ನಿಮ್ಮ ದನಿ ಕೇಳಬೇಕಾಗುತ್ತದೆ.

ಇತಿ,
ವಿದ್ಯಾರ್ಥಿನಿಯ ತಂದೆ


ಜನವರಿ 24

ಕಬ್ಬಿಣ,

ಹತ್ತೊಂಬತ್ತು ವರ್ಷವಾದ ಮೇಲೆ ನಿನ್ನ ಅಕ್ಷರ ನೋಡಿದೆ. ಇನ್ನೂ ಹಾಗೇ ಇದೆ, ಕಾಗದ ತೂತಾಗುವಷ್ಟು ಒತ್ತಿ ಬರೆಯುತ್ತೀಯ. ನೀನು ಬೇಕಾದರೆ ನನ್ನನ್ನು ನೀವು ಎನ್ನು, ಮಾನ್ಯರೆ ಎನ್ನು. ಒಂದೇ ಬಕೆಟ್ಟಿನ ನೀರಲ್ಲಿ ಮೈ ತೊಳೆದುಕೊಂಡವನಿಗೆ ನನ್ನ ಕೈಲಿ ಬಹುವಚನ ಬರೆಯಲಾಗುವುದಿಲ್ಲ.

ಅವಳು ನಿನ್ನ ಮಗಳೆಂದು ನನಗೆ ಮೊದಲ ವಾರವೇ ಗೊತ್ತಾಯಿತು. ಮ್ಯಾಟ್ ಮೇಲೆ ಕಾಲಿಡುವ ಮುಂಚೆ, ನೀನು ಮಾಡುತ್ತಿದ್ದ ಹಾಗೇ, ಅಂಗೈಗೆ ಎರಡು ಸಲ ಉಫ್ ಎಂದು ಊದಿಕೊಂಡಳು. ನಾನು ಹಾಗೇ ನಿಂತುಬಿಟ್ಟೆ. ಆಮೇಲೆ ತನಗಿಂತ ಇಪ್ಪತ್ತು ಕಿಲೋ ಹೆಚ್ಚಿದ್ದವನನ್ನು ಎತ್ತಿ, ಬೀಳಿಸುವುದು ಹೇಗೆಂದು ಗೊತ್ತಾಗದೆ, ಮಗುವನ್ನು ಇಳಿಸುವ ಹಾಗೆ ಇಳಿಸಿದಳು. ಎಲ್ಲರೂ ನಕ್ಕರು, ಅವನೂ ನಕ್ಕ.

ಮೇ ಕೊನೆಗೆ ಪಂದ್ಯವಿದೆ. ಅವಳಿಗೆ ಅದರಲ್ಲಿ ಇಳಿಯುವ ಆಸೆ, ನನಗೂ ಇಳಿಸುವ ಆಸೆ. ಆದರೆ ನಿನ್ನ ಹಾಗೇ ಅವಳೂ ಪ್ರತಿ ಹಿಡಿತಕ್ಕೂ ಇರುವ ಶಕ್ತಿಯನ್ನೆಲ್ಲ ಸುರಿಯುತ್ತಾಳೆ. ಎರಡು ನಿಮಿಷಕ್ಕೆ ಮುಂಗೈ ಕಲ್ಲಾಗುತ್ತದೆ, ಮೂರನೆಯ ನಿಮಿಷಕ್ಕೆ ಬೆರಳು ಮಡಚುವುದಿಲ್ಲ. ಅದರ ಮೇಲೆ ಸೋಮವಾರ ಅವಳ ಕಾಲನ್ನು ನೀನು ಹಿಂಡಿ ಇಡುತ್ತೀಯ, ಮಂಗಳವಾರ ನನ್ನ ಹತ್ತಿರ ದೊಡ್ಡ ಅಭ್ಯಾಸ. ಬುಧವಾರ ಸುಸ್ತು, ಗುರುವಾರ ಮತ್ತೆ ನೀನು.

ನನ್ನದೊಂದು ಸಲಹೆ. ಕಷ್ಟದ್ದನ್ನೆಲ್ಲ ಒಂದೇ ದಿನಕ್ಕೆ ತರೋಣ. ಬೆಳಿಗ್ಗೆ ನಿನ್ನ ಭಾರ, ಸಂಜೆ ನನ್ನ ಮ್ಯಾಟ್, ಮಾರನೆಯ ದಿನ ನಿಜವಾದ ವಿಶ್ರಾಂತಿ. ಎಷ್ಟು ಸಲ ಎತ್ತಬೇಕೆಂಬ ಎಣಿಕೆಯನ್ನೂ ಕಡಿಮೆ ಮಾಡು, ತೂಕ ಬೇಕಾದರೆ ಅಷ್ಟೇ ಇರಲಿ.

ಮೊಣಕಾಲಿನ ವಿಷಯಕ್ಕೆ ಒಂದು ಪುಟ ಬರೆದೆ. ಆಮೇಲೆ ಹರಿದು ಹಾಕಿದೆ.

ಬಳ್ಳಿ


ಫೆಬ್ರವರಿ 9

ಮಾನ್ಯರೆ,

ಅಡ್ಡಹೆಸರುಗಳ ಕಾಲ ಮುಗಿದಿದೆ. ಸಲಹೆ ತಲುಪಿತು, ಒಪ್ಪಿಗೆಯಿಲ್ಲ. ಕಬ್ಬಿಣದ ಬಗ್ಗೆ ನನಗೆ ಪಾಠ ಹೇಳುವಷ್ಟು ನೀವು ಯಾವಾಗ ಬೆಳೆದಿರೋ ತಿಳಿಯದು. ಬಾರ್ ಕೆಳಗೆ ನಿಲ್ಲಿಸಿದರೆ ನಿಮ್ಮ ಕಾಲು ನಡುಗುತ್ತಿದ್ದದ್ದು ನನಗೆ ಚೆನ್ನಾಗಿ ನೆನಪಿದೆ.

ಅಷ್ಟು ಕಾಳಜಿಯಿದ್ದ ಮೇಲೆ ಮಂಗಳವಾರ ನೀವೇ ಅವಳನ್ನು ಹಗುರಾಗಿ ಆಡಿಸುತ್ತೀರಿ ಎಂದುಕೊಂಡಿದ್ದೇನೆ. ಆದ್ದರಿಂದ ಸೋಮವಾರಕ್ಕೆ ಎರಡು ಸುತ್ತು ಹೆಚ್ಚಿಸಿ ಬರೆದುಕೊಟ್ಟಿದ್ದೇನೆ. ಪಂದ್ಯ ಎಂದ ಮೇಲೆ ಬಲ ಬೇಡವೇ?

ಅವಳಮ್ಮ ಹೊಲಿಗೆ ಮೆಷಿನ್ ನಿಲ್ಲಿಸಿ, "ಮೇಷ್ಟ್ರಿಗೆ ಏನ್ ಬರೀತಾ ಇದ್ದೀರಿ, ಪ್ರತಿ ಸಲ ಹಲ್ಲು ಕಚ್ಕೊಂಡು?" ಎಂದು ಕೇಳಿದಳು. ವೇಳಾಪಟ್ಟಿ ಎಂದೆ.

ಇತಿ,
ವಿದ್ಯಾರ್ಥಿನಿಯ ತಂದೆ


ಫೆಬ್ರವರಿ 21

ಕಬ್ಬಿಣ,

ಒಳ್ಳೆಯ ಕೆಲಸ ಮಾಡಿದೆವು ಇಬ್ಬರೂ. ಬೈದುಕೊಂಡಾದರೂ ಸೋಮವಾರದ ಭಾರ ಇಳಿಸುತ್ತೀಯ ಎಂದು ನಂಬಿ, ನಾನು ಮಂಗಳವಾರಕ್ಕೆ ಮೂರು ಪಂದ್ಯ ಸೇರಿಸಿಬಿಟ್ಟಿದ್ದೆ. ಈಗ ಅವಳು ಎರಡು ಕಡೆಯೂ ಜಾಸ್ತಿ ಮಾಡುತ್ತಿದ್ದಾಳೆ. ಕೇಳಿದರೆ, "ಅಪ್ಪ ಬರೆದಿದ್ದಾರೆ, ನೀವು ಹೇಳಿದ್ದೀರಿ. ಇಬ್ರೂ ಯೋಚನೆ ಮಾಡೇ ಹೇಳಿರ್ತೀರಲ್ಲ" ಎನ್ನುತ್ತಾಳೆ. ಆ ನಂಬಿಕೆ ನೋಡಿ ನನಗೆ ನಾಚಿಕೆಯಾಯಿತು.

ನಾಚಿಕೆಯಾದರೂ ನಿಜ ಹೇಳುತ್ತೇನೆ. ನಾನು ಮೊದಲು ಕಡಿಮೆ ಮಾಡಿದರೆ ನಿನಗೆ ಸೋತ ಹಾಗಾಗುತ್ತದೆ ಎಂದು ಎರಡು ವಾರ ಸುಮ್ಮನಿದ್ದೆ. ನನಗೆ ವಯಸ್ಸು ಐವತ್ತು ಹತ್ತಿರ ಬಂತು. ನಾಳೆಯಿಂದ ಇಳಿಸುತ್ತೇನೆ. ನೀನೂ ಇಳಿಸು.

ಬಳ್ಳಿ

(ಇವಳು ಈ ವಾರ ಮನೆಗೆ ಬರಲಾರೆ, ಬರೀ ನಿದ್ದೆ ಬರುತ್ತಿದೆ ಎನ್ನುತ್ತಿದ್ದಾಳೆ. ಲಕೋಟೆ ಅವಳ ಚೀಲದಲ್ಲೇ ಎಷ್ಟು ದಿನ ಕೂರುತ್ತದೋ.)


ಮಾರ್ಚ್ 17

ಅಪ್ಪಾ,

ಫೋನಿನಲ್ಲಿ ಹೇಳಿದರೆ ನೀನು ಮಧ್ಯೆ ಬಾಯಿ ಹಾಕುತ್ತೀಯ. ಅದಕ್ಕೇ ಪತ್ರ. ಪೂರ್ತಿ ಓದಿದ ಮೇಲೆ ಬೈಯಿ. ಮೇಷ್ಟ್ರು ಕೊಟ್ಟಿದ್ದ ಹಳೆಯ ಲಕೋಟೆಯೊಂದು ಚೀಲದಲ್ಲೇ ಉಳಿದುಹೋಗಿತ್ತು, ಅದನ್ನೂ ಇದರೊಳಗೆ ಇಟ್ಟಿದ್ದೇನೆ.

ಒಂದು ತಿಂಗಳಿಂದ ಮೈ ನನ್ನ ಮಾತು ಕೇಳುತ್ತಿಲ್ಲ. ಹದಿನೆಂಟನೆಯ ವಯಸ್ಸಿನಲ್ಲಿ ಎತ್ತುತ್ತಿದ್ದ ತೂಕ ಈಗ ನೆಲ ಬಿಟ್ಟು ಏಳುತ್ತಿಲ್ಲ. ಮೊನ್ನೆ ಕೆಲಸದ ಮೇಜಿನ ಮೇಲೆ ತೂಕಡಿಸಿ, ಒಬ್ಬ ಅಜ್ಜಿಯ ಮೇಲಿನ ಸಾಲಿನ ಹಲ್ಲಿನ ಅಚ್ಚನ್ನು ಬೀಳಿಸಿ ಎರಡು ತುಂಡು ಮಾಡಿದೆ. ಪಾಪ, ಆಕೆ ಇನ್ನೂ ಒಂದು ವಾರ ಗಂಜಿ ಕುಡಿಯಬೇಕು.

ಕಳೆದ ಮಂಗಳವಾರ ಅಭ್ಯಾಸದಲ್ಲಿ ನನ್ನ ಎಡಗೈ ಸಿಕ್ಕಿಹಾಕಿಕೊಂಡಿತು. ಎದುರಿಗಿದ್ದವಳು ಒಳ್ಳೆಯ ಹುಡುಗಿ, ನಿಧಾನವಾಗಿಯೇ ಮೊಣಕೈ ತಿರುಗಿಸಿದಳು. ನಾನು ತಟ್ಟಲಿಲ್ಲ. ಅವಳೇ ಹೆದರಿ ಬಿಡುವಷ್ಟರಲ್ಲಿ ಒಳಗೆ ಏನೋ ಚಟ್ ಎಂದಿತು. ಮುರಿದಿಲ್ಲ, ಗಾಬರಿಯಾಗಬೇಡ. ನರ ಎಳೆದಿದೆ. ಮೂರು ವಾರ ಕೈಗೆ ಪಟ್ಟಿ, ಭಾರ ಎತ್ತುವ ಹಾಗಿಲ್ಲ.

ಮೇಷ್ಟ್ರು ಮಂಜುಗಡ್ಡೆ ಕಟ್ಟುತ್ತಾ, "ಯಾಕಮ್ಮಾ ತಟ್ಟಲಿಲ್ಲ?" ಎಂದರು. ನಾನು ಇದ್ದದ್ದು ಹೇಳಿದೆ. "ತಟ್ಟಿದ್ರೂ ಬಿಡ್ತಾರೆ ಅಂತ ಏನು ಗ್ಯಾರಂಟಿ ಮೇಷ್ಟ್ರೇ? ನಮ್ಮಪ್ಪ ತಟ್ಟಿದ್ರು. ಆ ಪಾಪಿ ಬಿಡ್ಲೇ ಇಲ್ಲ. ಅದಕ್ಕೇ ಅಪ್ಪ ಇವತ್ತಿಗೂ ಮೆಟ್ಟಿಲು ಇಳಿಯುವಾಗ ಪಕ್ಕಕ್ಕೆ ತಿರುಗಿ ಇಳೀತಾರೆ." ಚಿಕ್ಕಂದಿನಿಂದ ಕೇಳಿದ ಕಥೆಯಲ್ಲವಾ ಅಪ್ಪ, ಮೈಗೆ ಹತ್ತಿಬಿಟ್ಟಿದೆ. ಸಿಕ್ಕಿಕೊಂಡಾಗ ತಟ್ಟಬೇಕು ಅನ್ನಿಸುವುದೇ ಇಲ್ಲ, ಕಿತ್ತುಕೊಂಡು ಓಡಬೇಕು ಅನ್ನಿಸುತ್ತದೆ.

ಮೇಷ್ಟ್ರು ಮಂಜುಗಡ್ಡೆಯ ಬಟ್ಟೆ ಗಂಟು ಹಾಕಿ ಮುಗಿಸಿದರು. ಎದ್ದು ಹೋಗಿ, ಅಭ್ಯಾಸ ಇನ್ನೂ ಮುಗಿಯದಿದ್ದರೂ ಮ್ಯಾಟುಗಳನ್ನು ಒಂದೊಂದಾಗಿ ಎತ್ತಿ ಗೋಡೆಗೆ ಒರಗಿಸಲು ಶುರುಮಾಡಿದರು. ನಾವೆಲ್ಲ ಬರೀ ನೆಲದ ಮೇಲೆ ನಿಂತಿದ್ದೆವು. ನಾನು ಏನು ತಪ್ಪು ಮಾತಾಡಿದೆ ಅಂತ ಗೊತ್ತಾಗುತ್ತಿಲ್ಲ.

ಅಮ್ಮನಿಗೆ ಕೈ ವಿಷಯ ನೀನೇ ಮೆತ್ತಗೆ ಹೇಳು.

ನಿನ್ನ,
ಪುಟ್ಟಿ


ಮಾರ್ಚ್ 21

ಕಬ್ಬಿಣ,

ಇದನ್ನು ಅಂಚೆಯಲ್ಲಿ ಕಳಿಸುತ್ತಿದ್ದೇನೆ, ಅವಳ ಕೈಯಲ್ಲಿ ಕಳಿಸುವ ಪತ್ರವಲ್ಲ.

ಆಗ ನೀನು ನಮ್ಮ ಕುಸ್ತಿ ಕ್ಲಬ್ಬಿನವರಿಗೆ ಏನು ಹೇಳಿದೆ ಎಂದು ನನಗೆ ಗೊತ್ತಿತ್ತು. ಅದಕ್ಕೇ ನನ್ನನ್ನು ತಂಡದಿಂದ ತೆಗೆದರು, ಊರು ಬಿಟ್ಟೆ. ಆದರೆ ಅದನ್ನು ಮಗುವಿಗೆ ಊಟ ಮಾಡಿಸುತ್ತಾ ಹೇಳುವ ಕಥೆ ಮಾಡಿದ್ದೀಯ ಎಂದು ಗೊತ್ತಿರಲಿಲ್ಲ. ನನ್ನ ಕಥೆಯನ್ನು ನನಗೇ ಹೇಳಿದಳು, ನನ್ನ ಮುಖ ನೋಡಿಕೊಂಡೇ.

ಒಂದು ವಿಷಯ ನಿನಗೆ ಇವತ್ತಿನವರೆಗೂ ಹೇಳಿಲ್ಲ. ಆಗೆಲ್ಲ ನಾನು ಪಟ್ಟು ಬಿಗಿಯುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ, ನೆನಪಿದೆಯಾ? ಕಣ್ಣು ಮುಚ್ಚಿ ಗುನುಗುತ್ತಿದ್ದೆ. ಆ ದಿನವೂ ಮುಚ್ಚಿದ್ದೆ. ನೀನು ತಟ್ಟಿದ್ದು ನನಗೆ ಗೊತ್ತಾಗಲಿಲ್ಲ. ತಟ್ಟಲಿಲ್ಲ ಎಂದು ಆಣೆ ಮಾಡಿ ಹೇಳುವುದೂ ನನ್ನಿಂದಾಗಲಿಲ್ಲ. ನನ್ನ ಕೈಗೆ ಸ್ಪರ್ಶವೇ ಇಲ್ಲವೇನೋ, ಸ್ನೇಹಿತ ಬೇಡಿಕೊಂಡರೂ ತಿಳಿಯದಷ್ಟು ಮರಗಟ್ಟಿದೆಯೇನೋ ಎಂದು ಹತ್ತೊಂಬತ್ತು ವರ್ಷ ನನ್ನ ಕೈಯನ್ನೇ ನೋಡಿಕೊಂಡಿದ್ದೇನೆ. ಆಮೇಲೆ ಪಂದ್ಯಕ್ಕೆ ಇಳಿಯಲಿಲ್ಲ. ಕಲಿಸುವಾಗ ಕಣ್ಣು ಮಿಟುಕಿಸುವುದಿಲ್ಲ, ಮಕ್ಕಳ ಕೈಗಳನ್ನೇ ನೋಡುತ್ತಿರುತ್ತೇನೆ. ಯಾರ ಬೆರಳು ಅಲುಗಿದರೂ ಬಿಡಿಸುತ್ತೇನೆ.

ನನಗಾಗಿ ಏನೂ ಕೇಳುತ್ತಿಲ್ಲ. ಆದರೆ ಅವಳು ತಟ್ಟುವುದಿಲ್ಲ. ಹಿಡಿದವರು ಬಿಡುತ್ತಾರೆ ಎಂಬ ನಂಬಿಕೆ ಇಲ್ಲದವಳನ್ನು ನಾನು ಪಂದ್ಯಕ್ಕೆ ಇಳಿಸುವುದಿಲ್ಲ. ಈ ಸಲ ಮೊಣಕೈ ಉಳಿಯಿತು. ಆ ನಂಬಿಕೆಯನ್ನು ನಾನು ಕಲಿಸಲಾರೆ. ಕಲಿಸಬಲ್ಲವನು ಯಾರೆಂದು ನಿನಗೆ ಗೊತ್ತು. ಆ ದಿನ ಏನಾಯಿತು ಎಂಬುದೂ ನಿನಗೊಬ್ಬನಿಗೇ ಗೊತ್ತು.

ಬಳ್ಳಿ


ಏಪ್ರಿಲ್ 6

ಬಳ್ಳಿ,

ನಾನು ತಟ್ಟಲಿಲ್ಲ.

ಈ ಎರಡು ಪದ ಬರೆಯಲು ಎರಡು ವಾರ ಹಿಡಿಯಿತು. ಇನ್ನು ಮಿಕ್ಕದ್ದು ಬರೆಯಬಲ್ಲೆ.

ನನ್ನ ಬಲಗೈ ಪೂರ್ತಿ ಬಿಡುವಾಗಿತ್ತು. ಮ್ಯಾಟ್ ಮೇಲೆ ಸುಮ್ಮನೆ ಬಿದ್ದಿತ್ತು, ಅದನ್ನು ನಾನೇ ನೋಡುತ್ತಿದ್ದೆ. ಆ ವಾರವಷ್ಟೇ ನಮ್ಮ ಕ್ಲಬ್ಬಿನಲ್ಲಿ ಯಾರೂ ಎತ್ತದ ತೂಕ ಹೊತ್ತು ಎದ್ದಿದ್ದೆ, ಆ ಕೊಬ್ಬು ತಲೆಗೇರಿತ್ತು. ಇಷ್ಟು ಭಾರ ಹೊರುವ ಕಾಲನ್ನು ಈ ಕಡ್ಡಿ ಮನುಷ್ಯ ಏನು ಮಾಡಿಯಾನು, ಇನ್ನೊಂದು ಉಸಿರು ತಡೆದರೆ ಕಿತ್ತುಕೊಂಡು ಏಳುತ್ತೇನೆ ಎಂದುಕೊಂಡೆ. ಆ ಉಸಿರಿನಲ್ಲೇ ಮೊಣಕಾಲು ಹೋಯಿತು. ನೀನು ತಕ್ಷಣ ಬಿಟ್ಟೆ. ನನಗಿಂತ ಮೊದಲು ಕಿರುಚಿದವನು ನೀನು.

ಆಸ್ಪತ್ರೆಯಲ್ಲಿ ಕ್ಲಬ್ಬಿನ ಕಾರ್ಯದರ್ಶಿ, "ತಟ್ಟಿದ್ಯೇನಪ್ಪಾ?" ಎಂದು ಕೇಳಿದರು. ಹೂಂ ಎಂದೆ. ಅಷ್ಟೇ, ಒಂದು ಹೂಂ. ನನ್ನ ದಡ್ಡತನದಿಂದ ನನ್ನ ಕಾಲು ಹೋಯಿತು ಎನ್ನುವುದಕ್ಕಿಂತ ಅದು ಸುಲಭವಾಗಿತ್ತು. ಮಾರನೆಯ ದಿನ ನೀನು ಹಣ್ಣು ಹಿಡಿದುಕೊಂಡು ಬಂದೆ, ನಾನು ಗೋಡೆಯ ಕಡೆ ತಿರುಗಿ ಮಲಗಿದೆ. ಸಿಟ್ಟಿನಿಂದಲ್ಲ, ಮುಖ ತೋರಿಸಲಾಗದೆ. ಈ ವಾರ ಹೇಳೋಣ, ಮುಂದಿನ ತಿಂಗಳು ಹೇಳೋಣ ಎಂದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ನೀನು ಊರು ಬಿಟ್ಟಿದ್ದೆ. ಆಮೇಲೆ ಅದೇ ಸುಳ್ಳನ್ನು ಎಷ್ಟು ಸಲ ಹೇಳಿದೆನೆಂದರೆ, ನಿನ್ನ ಮೇಲೆ ನಿಜವಾಗಿಯೂ ಕೋಪ ಬರತೊಡಗಿತು.

ನಿನ್ನ ಕೈ ಮರಗಟ್ಟಿಲ್ಲ, ಬಳ್ಳಿ. ಅದಕ್ಕೆ ತಿಳಿಯುವಂಥದ್ದು ಏನೂ ಆಗಲೇ ಇಲ್ಲ. ಇದನ್ನು ನಾನು ಆಗಲೇ ಹೇಳಿದ್ದರೆ ನೀನು ಇಷ್ಟು ವರ್ಷ ನಿನ್ನ ಕೈಯನ್ನು ನೋಡಿಕೊಳ್ಳಬೇಕಾಗಿರಲಿಲ್ಲ. ನನ್ನನ್ನು ಕ್ಷಮಿಸು ಎಂದು ಕೇಳುತ್ತೇನೆ. ಕ್ಷಮಿಸದಿದ್ದರೂ ನ್ಯಾಯವೇ.

ನಿನ್ನೆ ಅಡಿಗೆಮನೆಯಲ್ಲಿ ಇಬ್ಬರನ್ನೂ ಕೂರಿಸಿ ಹೇಳಿದೆ. ಅವಳಮ್ಮ ಎದ್ದು ಹೋಗಿ ಮೆಷಿನ್ ಮುಂದೆ ಕೂತಳು, ಬಟ್ಟೆ ಇಲ್ಲದೆ ಸುಮ್ಮನೆ ತುಳಿಯುತ್ತಿದ್ದಳು. ಇವತ್ತೂ ನನ್ನ ಜೊತೆ ಮಾತಿಲ್ಲ. ಪುಟ್ಟಿ ಮಾತ್ರ, "ಅದ್ಯಾರಪ್ಪ ಅವ್ರು?" ಎಂದು ಕೇಳಿದಳು. ಎಡಗಿವಿ ನೋಡಿದರೆ ಗೊತ್ತಾಗುತ್ತದೆ ಎಂದೆ. ಲೋಟ ಕೆಳಗಿಟ್ಟು ಶೆಡ್ಡಿಗೆ ಹೋದಳು. ಒಂದೇ ಕೈಯಲ್ಲಿ ಬಾರ್‌ನಿಂದ ಪ್ಲೇಟುಗಳನ್ನು ಒಂದೊಂದಾಗಿ ಕಳಚಿ ಗೋಡೆಗೆ ಇಡುತ್ತಿದ್ದ ಸದ್ದು ಕೇಳಿಸುತ್ತಿತ್ತು. ವಾಪಸ್ ಬಂದು, "ನೀನು ಪತ್ರ ಬರಿ. ನಾನು ತಗೊಂಡ್ ಹೋಗ್ತೀನಿ. ಅಂಟಿಸ್ಬೇಡ" ಎಂದಳು. ಅಂಟಿಸಿಲ್ಲ.

ವೇಳಾಪಟ್ಟಿ ನೀನು ಹೇಳಿದಂತೆಯೇ ಆಗಲಿ. ಮೊದಲ ದಿನವೇ ನಿನ್ನದು ಸರಿ ಎಂದು ಗೊತ್ತಿತ್ತು.

ಕಬ್ಬಿಣ


ಏಪ್ರಿಲ್ 11

ಕಬ್ಬಿಣ,

ಇವತ್ತು ಬೆಳಿಗ್ಗೆ ಬಸ್ಸು ಶಾಲೆಯನ್ನು ದಾಟಿ ಮುಂದಿನ ಸರ್ಕಲ್‌ವರೆಗೆ ಹೋಗಿಬಿಟ್ಟಿತು. ಓಡಿಸುತ್ತಿದ್ದವನು ನಾನೇ. ಮಕ್ಕಳೆಲ್ಲ ಕುಣಿದಾಡಿದರು, ಹೆಡ್‌ಮೇಡಂ ಮಾತ್ರ ಕುಣಿಯಲಿಲ್ಲ.

ನನಗೆ ಸಿಟ್ಟು ಬಂದಿದೆ. ಹಗುರವೂ ಆಗಿದೆ, ಆದರೆ ಸಿಟ್ಟೇ ಹೆಚ್ಚು. ಅದಕ್ಕೆ ಸ್ವಲ್ಪ ದಿನ ಕೊಡು. ವೇಳಾಪಟ್ಟಿ ಮಾತ್ರ ಕಳಿಸುತ್ತಿದ್ದೇನೆ. ಕೈ ವಾಸಿಯಾಗುವವರೆಗೆ ಕಾಲಿನ ಭಾರ ಮಾತ್ರ, ಅದೂ ಯಂತ್ರದಲ್ಲಿ ಕೂತು. ಮ್ಯಾಟ್ ಮೇಲೆ ಅವಳಿಗೆ ಒಂದೇ ಪಾಠ: ಯಾರಾದರೂ ಹಿಡಿಯಬೇಕು, ಇವಳು ತಟ್ಟಬೇಕು, ಅವರು ಬಿಡಬೇಕು. ದಿನಕ್ಕೆ ನೂರು ಸಲ. ನಾನೂ ಅವಳಿಗೆ ಹಿಡಿಯುತ್ತೇನೆ, ಅವಳು ನನಗೂ ತಟ್ಟುತ್ತಾಳೆ.

ಪಂದ್ಯಕ್ಕೆ ನೀನು ಬರಬೇಡ. ಈ ಸಲ ಅವಳ ಪಕ್ಕ ನಾನೊಬ್ಬನೇ ಕೂರಬೇಕು.

ಬಳ್ಳಿ


ಮೇ 4

ಬಳ್ಳಿ,

ಬರುವುದಿಲ್ಲ. ನಿನ್ನ ಸಿಟ್ಟು ಎಷ್ಟು ದಿನ ಬೇಕಾದರೂ ಇರಲಿ. ಹತ್ತೊಂಬತ್ತು ವರ್ಷ ತೆಗೆದುಕೊಂಡವನಿಗೆ ಆತುರಪಡಿಸುವ ಯೋಗ್ಯತೆಯಿಲ್ಲ.

ಕಾರ್ಯದರ್ಶಿಗಳ ಮನೆ ಹುಡುಕಿಕೊಂಡು ಹೋಗಿದ್ದೆ. ಈಗ ಕಿವಿ ಮಂದ, ಎಲ್ಲವನ್ನೂ ಕೂಗಿ ಹೇಳಬೇಕಾಯಿತು. ಪಕ್ಕದ ಮನೆಯವರೆಲ್ಲ ಕಿಟಕಿಗೆ ಬಂದು ನನ್ನ ತಪ್ಪೊಪ್ಪಿಗೆ ಕೇಳಿದರು. ಸರಿಯಾದ ಶಿಕ್ಷೆ ಎಂದುಕೊಂಡೆ. ಹಳೆಯ ತಂಡದಲ್ಲಿ ಉಳಿದ ನಾಲ್ವರಿಗೂ ಬರೆದಿದ್ದೇನೆ, ಅದರ ನಕಲು ಇದರೊಳಗೆ ಇಟ್ಟಿದ್ದೇನೆ.

ಪುಟ್ಟಿ ಭಾನುವಾರ ಹಳೆಯ ತೂಕವನ್ನು ಮತ್ತೆ ಎತ್ತಿದಳು. ಐದೇ ಸಲ, ಆಮೇಲೆ ತಾನಾಗಿಯೇ ನಿಲ್ಲಿಸಿ, "ಸಾಕು, ಸಂಜೆ ಮ್ಯಾಟ್ ಇದೆ" ಎಂದಳು. ನನ್ನ ಶೆಡ್ಡಿನಲ್ಲಿ ಸಾಕು ಎಂಬ ಮಾತು ಕೇಳಿದ್ದು ಅದೇ ಮೊದಲು. ಅವಳಮ್ಮನೂ ಮಾತಾಡುತ್ತಿದ್ದಾಳೆ. ಬೈಗುಳವೇ ಹೆಚ್ಚು, ಆದರೂ ಮಾತು ಮಾತೇ.

ಕಬ್ಬಿಣ


ಮೇ 31

ಕಬ್ಬಿಣ,

ಫಲಿತಾಂಶ ಅವಳು ಫೋನಿನಲ್ಲಿ ಹೇಳಿರುತ್ತಾಳೆ. ಅವಳು ಹೇಳದಿರುವುದನ್ನು ನಾನು ಬರೆಯುತ್ತೇನೆ.

ಮೊದಲ ಎರಡು ಪಂದ್ಯ ಗೆದ್ದಳು. ನಿನ್ನ ಕಾಲಿನ ಬಲ ಎಲ್ಲಿ ಬೇಕೋ ಅಲ್ಲಿ ಕೆಲಸಕ್ಕೆ ಬಂತು. ಮೇಲೆ ಬಿದ್ದವಳನ್ನು ಸೊಂಟದಿಂದ ಎತ್ತಿ ಪಕ್ಕಕ್ಕೆ ಇಟ್ಟಾಗ ಇಡೀ ಹಾಲ್ ಓಹ್ ಎಂದಿತು. ಕೈ ಕಲ್ಲಾಗಲಿಲ್ಲ, ಬೇಕಾದಾಗ ಹಿಡಿದಳು, ಬೇಡವಾದಾಗ ಸಡಿಲ ಬಿಟ್ಟಳು.

ಮೂರನೆಯದರಲ್ಲಿ ಎದುರಾಳಿ ಪಳಗಿದವಳು. ಅದೇ ಎಡಗೈ, ಅದೇ ಮೊಣಕೈ. ನಾನು ಇವಳ ಬಲಗೈಯನ್ನೇ ನೋಡುತ್ತಿದ್ದೆ. ಒಂದು ಕ್ಷಣ ಅದು ಮ್ಯಾಟ್ ಮೇಲೆ ಸುಮ್ಮನೆ ಬಿದ್ದಿತ್ತು. ಏನು ನೆನಪಾಯಿತೆಂದು ನಿನಗೆ ಹೇಳಬೇಕಾಗಿಲ್ಲ. ಆಮೇಲೆ ಅದು ಎದ್ದು ಎರಡು ಸಲ ತಟ್ಟಿತು. ಎದುರಾಳಿ ತಕ್ಷಣ ಬಿಟ್ಟಳು, ಕೈ ಹಿಡಿದು ಇವಳನ್ನು ಎಬ್ಬಿಸಿದಳು.

ಸೋತು ನನ್ನ ಹತ್ತಿರ ಬಂದು ಕೂತಳು. ಕಣ್ಣಲ್ಲಿ ನೀರು, ಬಾಯಲ್ಲಿ ನಗು. "ಬಿಟ್ಬಿಟ್ಳು ದೊಡ್ಡಪ್ಪ. ತಟ್ಟಿದ ಕೂಡ್ಲೇ ಬಿಟ್ಬಿಟ್ಳು" ಎಂದಳು. ದೊಡ್ಡಪ್ಪ ಎನ್ನಲು ಯಾರು ಹೇಳಿಕೊಟ್ಟರೋ, ನಾನು ಕೇಳಲಿಲ್ಲ. ನನಗೂ ಅಳು ಬಂತು ಎಂದು ಬರೆದರೆ ನೀನು ನಗುತ್ತೀಯ. ನಕ್ಕುಬಿಡು.

ಸಿಟ್ಟು ಎಲ್ಲಿ ಹೋಯಿತೋ ಹುಡುಕುತ್ತಿದ್ದೇನೆ, ಸಿಗುತ್ತಿಲ್ಲ. ನನ್ನ ಹತ್ತಿರ ಹನ್ನೆರಡು ಮಕ್ಕಳಿದ್ದಾರೆ, ಪಟ್ಟು ಬರುತ್ತದೆ, ಕಾಲಲ್ಲಿ ಬಲವಿಲ್ಲ. ಹಾಲ್‌ನ ಹಿಂದಿನ ಕೋಣೆ ಖಾಲಿ ಇದೆ. ಕಬ್ಬಿಣದ ಬಗ್ಗೆ ಪಾಠ ಹೇಳಲು ನನಗೆ ಬರುವುದಿಲ್ಲವೆಂದು ಯಾರೋ ಬರೆದಿದ್ದರು.

ಬಳ್ಳಿ


ಜೂನ್ 3

ಬಳ್ಳಿ,

ಇಲ್ಲಿ ನಾವೆಲ್ಲರೂ ಕ್ಷೇಮ. ನೀನು ಹೇಗಿದ್ದೀಯ?

ಭಾನುವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ಆಕ್ಸಲ್ ಬಾರ್‌ ಅನ್ನು ಬಸ್ಸಿನ ಮೇಲೆ ಹಾಕಿಸಬೇಕು, ಕಂಡಕ್ಟರ್ ಜೊತೆ ಜಗಳ ಖಚಿತ. ಅವಳಮ್ಮನೂ ಬರುತ್ತಾಳೆ. ನಿನ್ನ ಮ್ಯಾಟುಗಳ ಅಂಚು ಕಿತ್ತುಹೋಗಿದೆಯೆಂದು ಪುಟ್ಟಿ ಹೇಳಿದಳಂತೆ, ದಪ್ಪ ದಾರ, ದಬ್ಬಣ ಆಗಲೇ ಚೀಲಕ್ಕೆ ಹಾಕಿಕೊಂಡಿದ್ದಾಳೆ.

ಪಾಠ ಶುರುವಾಗುವ ಮುಂಚೆ ನನ್ನದೊಂದು ಕೆಲಸವಿದೆ. ಮಕ್ಕಳೆಲ್ಲ ಸುತ್ತ ಕೂತಿರಲಿ, ಪುಟ್ಟಿಯೂ ಇರಲಿ. ನಾನು ನಿನ್ನ ಮ್ಯಾಟ್ ಮೇಲೆ ಮಲಗುತ್ತೇನೆ. ಅದೇ ಪಟ್ಟು ಹಾಕು, ಎಡಗಾಲು ಬೇಡ, ಬಲಗಾಲಿಗೆ. ಮೆಲ್ಲಗೆ ಬಿಗಿ. ಬೇಕಾದರೆ ಗುನುಗು.

ಕಣ್ಣು ಮಾತ್ರ ಮುಚ್ಚಿಕೊಂಡಿರು. ನಾನು ತಟ್ಟುತ್ತೇನೆ. ನಿನ್ನ ಕೈಗೆ ಗೊತ್ತಾಗುತ್ತದೆ.

ನಿನ್ನ,
ಕಬ್ಬಿಣ